ಮೊದಲು ಲಾಕ್ ನೋಡಿ, ಆಮೇಲೆ ಅಲಗು

ಪುತ್ತೂರಿನ ಹತ್ತಿರ ನನ್ನ ಸೋದರಮಾವನ ನರ್ಸರಿ ಇದೆ. ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಅಲ್ಲಿ ಗೇರು, ಮಾವಿನ ಕಸಿ ಕಟ್ಟುವ ಕೆಲಸ ಶುರು. ಎರಡು ವರ್ಷದ ಹಿಂದೆ ಅಂಥ ಒಂದು ಮಧ್ಯಾಹ್ನ ಮಾವ ಹೊಸದಾಗಿ ಕೊಂಡ ಮಡಚುವ ಚಾಕುವಿನಲ್ಲಿ ಬಿದಿರಿನ ಗೂಟ ಸೀಳಲು ಹೋದರು. ಮೊನೆ ಬಿದಿರಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲೆಂದು ಹಿಡಿಯನ್ನು ಮೇಲೆ ಕೆಳಗೆ ಅಲುಗಿಸಿದರು. ಅಷ್ಟರಲ್ಲೇ ತೆರೆದಿದ್ದ ಅಲಗು ಮಡಚಿಕೊಂಡು ತೋರುಬೆರಳಿನ ಮೇಲೆ ಬಂದು ಕೂತಿತು. ನಾಲ್ಕು ಹೊಲಿಗೆ ಬಿದ್ದವು. ಆಸ್ಪತ್ರೆಯಿಂದ ಮನೆಗೆ ಬರುವಾಗ ಅವರು ಹೇಳಿದ್ದು ಇಷ್ಟು: "ಚಾಕು ಒಳ್ಳೆ ಹರಿತ ಇತ್ತು ಮಾರಾಯ. ಅಂಗಡಿಯಲ್ಲಿ ಕಾಗದ ಕತ್ತರಿಸಿ ತೋರಿಸಿದ್ದ. ಲಾಕ್ ನೋಡಬೇಕು ಅಂತ ನಂಗೆ ಹೊಳೀಲೇ ಇಲ್ಲ."

ಆ ರಾತ್ರಿ ದೀಪದ ಕೆಳಗೆ ಚಾಕುವನ್ನು ತೆರೆದು ನೋಡಿದೆ. ಅಲಗಿಗೆ ಆಸರೆಯಾಗಿ ನಿಲ್ಲಬೇಕಿದ್ದ ಉಕ್ಕಿನ ಪಟ್ಟಿ ಅಲಗಿನ ಬುಡದ ಅಂಚಿಗೆ ಉಗುರಿನ ದಪ್ಪದಷ್ಟೂ ತಾಗಿರಲಿಲ್ಲ. ಕೊಂಡ ದಿನವೂ ಅದು ಹಾಗೆಯೇ ಇದ್ದಿರಬೇಕು. ಒಂದೇ ಒಂದು ನಿಮಿಷ ನೋಡಿದ್ದರೆ ಗೊತ್ತಾಗುತ್ತಿತ್ತು.

ಅಂಗಡಿಯಾಗಲಿ, ಮೊಬೈಲಿನ ವಿಡಿಯೊ ಆಗಲಿ, ಹೊಸ ಚಾಕುವಿನ ಬಗ್ಗೆ ನಮಗೆ ತೋರಿಸುವುದು ಹರಿತವನ್ನು. ಹರಿತ ಕಣ್ಣಿಗೆ ಕಾಣುತ್ತದೆ, ಕಾಗದ ಸರ್ರನೆ ಸೀಳುತ್ತದೆ, ಮನಸ್ಸು ಒಪ್ಪುತ್ತದೆ. ಆದರೆ ಹರಿತವಿಲ್ಲದ ಅಲಗಿಗೆ ಸಾಣೆಕಲ್ಲು ಇದೆ, ಅರ್ಧ ಗಂಟೆಯ ಕೆಲಸ. ಸರಿಯಾಗಿ ಕೂರದ ಲಾಕ್‌ಗೆ ಮನೆಯಲ್ಲಿ ಮದ್ದಿಲ್ಲ. ಹಾಗಾಗಿ ಹೊಸ ಮಡಚು ಚಾಕುವನ್ನು ಕೈಗೆತ್ತಿಕೊಂಡವರು ಮೊದಲು ಲಾಕ್ ನೋಡಬೇಕು, ಆಮೇಲೆ ಅಲಗು. ಈ ಕ್ರಮಕ್ಕೆ ಇನ್ನೊಂದು ಕಾರಣವೂ ಇದೆ. ಲಾಕ್ ಪರೀಕ್ಷೆಯಿಂದ ಚಾಕುವಿನ ಮೇಲೆ ಗೀರು ಬೀಳುವುದಿಲ್ಲ, ಸರಿ ಇಲ್ಲದಿದ್ದರೆ ವಾಪಸು ಕೊಡಬಹುದು. ಹಗ್ಗ ಕುಯ್ದು ನೋಡಿದ ಚಾಕುವನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಬಗೆಯ ಚಾಕು ಎಂದು ತಿಳಿಯಬೇಕು. ಕೆಲವು ಮಡಚು ಚಾಕುಗಳಲ್ಲಿ ಲಾಕ್ ಇರುವುದೇ ಇಲ್ಲ. 1897ರಲ್ಲಿ ಕಾರ್ಲ್ ಎಲ್ಸನರ್ ನೋಂದಾಯಿಸಿದ ಸ್ವಿಸ್ ಅಧಿಕಾರಿಗಳ ಚಾಕು, ಅದೇ ಕೆಂಪು ಹಿಡಿಯ ವಿಕ್ಟೋರಿನಾಕ್ಸ್, ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸಣ್ಣ ಅಳತೆಯ ಚಾಕುಗಳಲ್ಲಿ ಬೆನ್ನಿನ ಸ್ಪ್ರಿಂಗ್ ಮಾತ್ರ ಅಲಗನ್ನು ಒತ್ತಿ ಹಿಡಿದಿರುತ್ತದೆ. ಹಣ್ಣು ಹೆಚ್ಚಲು, ದಾರ ಕತ್ತರಿಸಲು, ಕಸಿಕಡ್ಡಿ ಚೂಪು ಮಾಡಲು ಅಷ್ಟು ಸಾಕು. ಇಂಥ ಚಾಕುವಿನ ಮೊನೆಯಿಂದ ಚುಚ್ಚುವ, ತೂತು ಕೊರೆಯುವ ಕೆಲಸ ಮಾಡಬಾರದು.

ಲಾಕ್ ಇರುವ ಚಾಕುಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು ಬಗೆ. ಒಂದು ಬೆನ್ನಿನ ಲಾಕ್: ಹಿಡಿಯ ಬೆನ್ನಿನಲ್ಲಿರುವ ಸರಳೊಂದು ಅಲಗಿನ ಬುಡದ ಕಚ್ಚಿಗೆ ಬಂದು ಬೀಳುತ್ತದೆ. ಅಮೆರಿಕದ ಬಕ್ ಕಂಪನಿ 1964ರಲ್ಲಿ ತಂದ 110 ಎಂಬ ಚಾಕು ಈ ಬಗೆಯನ್ನು ಮನೆಮಾತು ಮಾಡಿತು. ಎರಡನೆಯದು ಉಂಗುರದ ಲಾಕ್: ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ 1890ರಿಂದ ತಯಾರಾಗುತ್ತಿರುವ ಒಪಿನೆಲ್ ಮರದ ಹಿಡಿಯ ಚಾಕುವಿಗೆ 1955ರಲ್ಲಿ ತಿರುಗುವ ಉಂಗುರ ಬಂತು. ಮೂರನೆಯದು ಲೈನರ್ ಲಾಕ್. ಅಮೆರಿಕದ ಚಾಕು ತಯಾರಕ ಮೈಕಲ್ ವಾಕರ್ 1980ರ ದಶಕದ ಆರಂಭದಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟರು. ಹಿಡಿಯ ಒಳಗಿನ ತೆಳು ಉಕ್ಕಿನ ಹಾಳೆಯನ್ನೇ ಸೀಳಿ, ಒಳಕ್ಕೆ ಬಾಗಿಸಿ, ಅಲಗು ತೆರೆದ ಕೂಡಲೇ ಅದರ ಬುಡದ ಹಿಂದೆ ಬಂದು ಆನಿಕೊಳ್ಳುವಂತೆ ಮಾಡಿದ ಉಪಾಯ ಅದು. ಹಿಡಿಯ ಒಂದು ಪಕ್ಕೆಯೇ ಈ ಕೆಲಸ ಮಾಡಿದರೆ ಅದನ್ನು ಫ್ರೇಮ್ ಲಾಕ್ ಎನ್ನುತ್ತಾರೆ. ಐನೂರು ರೂಪಾಯಿಯ ಚಾಕುವಿನಿಂದ ಹಿಡಿದು ಐವತ್ತು ಸಾವಿರದ ಚಾಕುವಿನವರೆಗೂ ಈ ಉಪಾಯ ಕಾಣಸಿಗುತ್ತದೆ. ಮಾವನ ಚಾಕುವಿನಲ್ಲಿದ್ದದ್ದೂ ಲೈನರ್ ಲಾಕ್. ಅದಕ್ಕೇ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪರೀಕ್ಷೆಗೆ ಮೊದಲು ಚಾಕುವನ್ನು ಒಣಬಟ್ಟೆಯಿಂದ ಒರೆಸಿ. ತುಕ್ಕು ಹಿಡಿಯದಿರಲಿ ಎಂದು ಕಾರ್ಖಾನೆಯಲ್ಲಿ ಸವರಿದ ಎಣ್ಣೆ ಲಾಕ್ ತಾಗುವ ಜಾಗದಲ್ಲಿ ಉಳಿದಿದ್ದರೆ ಪರೀಕ್ಷೆ ದಾರಿ ತಪ್ಪುತ್ತದೆ. ಆಮೇಲೆ ಅಲಗನ್ನು ಜಾಡಿಸದೆ, ನಿಧಾನವಾಗಿ ತೆರೆಯಿರಿ. ಕೊನೆಯಲ್ಲಿ "ಟಕ್" ಎಂಬ ಒಂದೇ ಗಟ್ಟಿ ಸದ್ದು ಬರಬೇಕು. ಜಾಡಿಸಿ ತೆರೆದರಷ್ಟೇ ಕೂರುವ, ನಿಧಾನವಾಗಿ ತೆರೆದರೆ ಅರ್ಧಕ್ಕೇ ನಿಲ್ಲುವ ಲಾಕ್ ನಂಬಿಕೆಗೆ ತಕ್ಕದ್ದಲ್ಲ. ಕೆಲಸದ ನಡುವೆ ನಾವು ಪ್ರತಿ ಸಲವೂ ಚಾಕುವನ್ನು ಒಂದೇ ರಭಸದಲ್ಲಿ ತೆರೆಯುವುದಿಲ್ಲವಲ್ಲ.

ಈಗ ಚಾಕುವನ್ನು ತೆರೆದ ಸ್ಥಿತಿಯಲ್ಲೇ ಬೆಳಕಿಗೆ ಹಿಡಿದು, ಅಲಗು ಮಡಚಿ ಸೇರುವ ಸೀಳಿನ ಕಡೆಯಿಂದ ಒಳಗೆ ನೋಡಿ. ಅಲಗಿನ ಬುಡಕ್ಕೆ ಲಾಕ್ ಪಟ್ಟಿಯ ತುದಿ ತಾಗಿರುವುದು ಕಾಣುತ್ತದೆ. ಅಲಗಿನ ಬುಡದ ದಪ್ಪವನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿಕೊಳ್ಳಿ. ಹೊಸ ಚಾಕುವಿನಲ್ಲಿ ಪಟ್ಟಿ ಕನಿಷ್ಠ ಒಂದು ಪಾಲಿಗೆ ಪೂರ್ತಿ ಆನಿಕೊಂಡಿರಬೇಕು, ಎರಡು ಪಾಲು ದಾಟಿರಬಾರದು. ಒಂದು ಪಾಲಿಗಿಂತ ಕಡಿಮೆ ಇದ್ದರೆ ಅದು ಮಾವನ ಚಾಕು: ಪಕ್ಕದಿಂದ ಸ್ವಲ್ಪ ತಿರುಚಿದರೂ ಜಾರಬಹುದು. ಪಟ್ಟಿ ಆಚೆ ಬದಿಯ ಗೋಡೆಯವರೆಗೂ ಹೋಗಿ ಮುಟ್ಟಿದ್ದರೆ ಇವತ್ತು ಹಿಡಿದೀತು, ಆದರೆ ಸವೆದಂತೆ ಇನ್ನೂ ಒಳಗೆ ಸರಿಯಲು ಅದಕ್ಕೆ ಜಾಗ ಉಳಿದಿರುವುದಿಲ್ಲ. ಯಾವ ಲೈನರ್ ಲಾಕ್ ಆದರೂ ಬಳಸುತ್ತ ಬಳಸುತ್ತ ಕೂದಲೆಳೆಯಷ್ಟು ಒಳಕ್ಕೆ ಸರಿಯುತ್ತದೆ. ಆ ಸವೆತಕ್ಕೆ ಮೊದಲೇ ಜಾಗ ಬಿಟ್ಟಿರುವುದು ಒಳ್ಳೆಯ ಕೆಲಸಗಾರನ ಗುರುತು.

ಹೀಗೆ ಒಂದು ಸಲ ನೋಡಿ ಬಿಡಬಾರದು. ಇಪ್ಪತ್ತು ಸಲ ತೆರೆದು ಮಡಚಿ, ಪ್ರತಿ ಸಲವೂ ಪಟ್ಟಿ ಅದೇ ಜಾಗದಲ್ಲಿ ಕೂರುತ್ತದೆಯೇ ಎಂದು ಗಮನಿಸಿ. ಒಮ್ಮೆ ಇಲ್ಲಿ, ಇನ್ನೊಮ್ಮೆ ಅಲ್ಲಿ ನಿಂತರೆ ತಾಗುವ ಮುಖಗಳ ಓರೆ ಒಂದಕ್ಕೊಂದು ಹೊಂದಿಲ್ಲ ಎಂದರ್ಥ. ಹಾಗೆಯೇ ಲಾಕ್ ಬಿಡಿಸುವಾಗ ಹೆಬ್ಬೆರಳಿಗೆ ಎಷ್ಟು ಬಲ ಬೇಕಾಗುತ್ತದೆ ನೋಡಿ. ಹೊಸದರಲ್ಲಿ ಸ್ವಲ್ಪ ಅಂಟಿದಂತೆ ಅನಿಸುವುದುಂಟು, ಕೆಲವು ದಿನಗಳಲ್ಲಿ ಹೋಗುತ್ತದೆ. ಉಗುರು ಮುರಿಯುವಷ್ಟು ಬಿಗಿ ಇದ್ದರೆ ಮಡಚುವಾಗ ಕೈ ಜಾರಿ ಗಾಯವಾಗುತ್ತದೆ. ಅಂಥ ಚಾಕು ಬೇಡ.

ಮುಂದಿನದು ಅಲ್ಲಾಟದ ಪರೀಕ್ಷೆ. ಒಂದು ಕೈಯಲ್ಲಿ ಹಿಡಿಯನ್ನು, ಇನ್ನೊಂದು ಕೈಯ ಬೆರಳುಗಳಲ್ಲಿ ಅಲಗಿನ ಎರಡು ಪಕ್ಕಗಳನ್ನು ಹಿಡಿದು, ಬಾಯಿಗೆ ಬೆರಳು ತಾಗದಂತೆ, ಮೊದಲು ಎಡಕ್ಕೆ ಬಲಕ್ಕೆ ಅಲುಗಿಸಿ. ಇಲ್ಲಿ ಸಣ್ಣ ಸಡಿಲವಿದ್ದರೆ ಗಾಬರಿ ಬೇಡ. ಅಲಗು ತಿರುಗುವ ಕೀಲಿನ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಮೇಲೆ ಮೇಲೆ ಕೆಳಗೆ, ಅಂದರೆ ಬೆನ್ನಿನಿಂದ ಬಾಯಿಯ ದಿಕ್ಕಿಗೆ ಅಲುಗಿಸಿ. ಇಲ್ಲಿ "ಕಟಕ್ ಕಟಕ್" ಎಂದು ಸಡಿಲ ಸಿಕ್ಕಿದರೆ ವಿಷಯ ಬೇರೆ. ತೆರೆದ ಅಲಗಿನ ಬುಡ ಒಂದು ಕಡೆ ತಡೆಯುವ ಗೂಟಕ್ಕೂ ಇನ್ನೊಂದು ಕಡೆ ಲಾಕ್ ಪಟ್ಟಿಗೂ ನಡುವೆ ಬೆಣೆ ಹೊಡೆದಂತೆ ಬಿಗಿಯಾಗಿ ನಿಲ್ಲಬೇಕು. ಮೇಲೆ ಕೆಳಗೆ ಅಲ್ಲಾಡುತ್ತಿದೆ ಎಂದರೆ ಆ ಬೆಣೆ ಕೂತಿಲ್ಲ. ಕೀಲಿನ ಸ್ಕ್ರೂ ಎಷ್ಟು ಬಿಗಿದರೂ ಅದು ಹೋಗುವುದಿಲ್ಲ. ಬೆನ್ನಿನ ಲಾಕ್ ಇರುವ ಚಾಕುಗಳಲ್ಲಿ ಕೂದಲೆಳೆಯಷ್ಟು ಅಲ್ಲಾಟ ಸಹಜ, ಲೈನರ್ ಲಾಕ್‌ನಲ್ಲಿ ಅದೂ ಇರಬಾರದು.

ಕೊನೆಗೆ ಒತ್ತಡದ ಪರೀಕ್ಷೆ. ಇದನ್ನು ಮಾಡುವಾಗ ಹಿಡಿಯ ಎರಡು ಪಕ್ಕೆಗಳನ್ನಷ್ಟೇ ಹಿಡಿಯಬೇಕು. ಅಲಗು ಮಡಚಿದರೆ ಬಂದು ಸೇರುವ ಸೀಳಿನ ಮೇಲೆ ಒಂದು ಬೆರಳೂ ಇರಬಾರದು. ದಪ್ಪ ಕೈಗವಸು ಹಾಕಿಕೊಂಡರೆ ಇನ್ನೂ ಒಳ್ಳೆಯದು. ಮೇಜಿನ ಮೇಲೆ ಮಡಚಿದ ಟವೆಲ್ ಇಟ್ಟು, ಅದಕ್ಕೆ ಅಲಗಿನ ಬೆನ್ನನ್ನು ಆನಿಸಿ, ಬಲವನ್ನು ನಿಧಾನವಾಗಿ ಏರಿಸುತ್ತ ಒತ್ತಿ. ಲಾಕ್ ಕದಲಬಾರದು. ಒತ್ತಿದ ಮೇಲೆ ಪಟ್ಟಿ ಮೊದಲಿದ್ದ ಜಾಗದಿಂದ ಜಾರಿದೆಯೇ ಎಂದು ಮತ್ತೆ ಬೆಳಕಿಗೆ ಹಿಡಿದು ನೋಡಿ. ಕೆಲವರು ಬೆನ್ನನ್ನು ಮರಕ್ಕೆ ಟಪಟಪ ಬಡಿದು ಪರೀಕ್ಷಿಸುತ್ತಾರೆ. ಜೋರಾಗಿ ಬಡಿದರೆ ಒಳ್ಳೆಯ ಲಾಕ್ ಕೂಡ ಕೆಡುತ್ತದೆ, ಕೈಗೂ ಅಪಾಯ. ಒತ್ತಿದರೆ ಸಾಕು, ಬಡಿಯುವುದು ಬೇಡ.

ಬೆನ್ನಿನ ಲಾಕ್ ಇರುವ ಚಾಕುವಿನಲ್ಲಿ ನೋಡಬೇಕಾದದ್ದು ಆ ಕಚ್ಚನ್ನು. ತೆರೆದಾಗ ಸರಳಿನ ಬೆನ್ನೂ ಅಲಗಿನ ಬೆನ್ನೂ ಒಂದೇ ಮಟ್ಟಕ್ಕೆ ಬಂದಿರಬೇಕು. ಸರಳು ಎದ್ದು ನಿಂತಿದ್ದರೆ ಅದು ಪೂರ್ತಿ ಕೆಳಗೆ ಬಿದ್ದಿಲ್ಲ. ಜೇಬಿನ ನೂಲು, ಮಣ್ಣು ಕಚ್ಚಿನಲ್ಲಿ ತುಂಬಿಕೊಂಡರೂ ಹೀಗಾಗುತ್ತದೆ. ಹಲ್ಲುಕಡ್ಡಿಯಿಂದ ಕೆರೆದು ತೆಗೆಯಬೇಕು. ಉಂಗುರದ ಲಾಕ್ ಓರೆಯಾಗಿ ಬಿಗಿಯುತ್ತದೆ, ಹಾಗಾಗಿ ಸವೆದರೂ ಇನ್ನೊಂದಿಷ್ಟು ತಿರುಗಿಸಿದರೆ ಕೂರುತ್ತದೆ. ಅದರ ಕಷ್ಟ ಬೇರೆಯೇ: ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮರದ ಹಿಡಿ ತೇವ ಹೀರಿ ಉಬ್ಬುತ್ತದೆ, ಅಲಗು ಹೊರಗೆ ಬರಲು ಒಲ್ಲೆನ್ನುತ್ತದೆ. ಅದು ಚಾಕುವಿನ ದೋಷವಲ್ಲ. ಒಣಗಿದರೆ ಸರಿಹೋಗುತ್ತದೆ.

ಮಡಚಿದ ಸ್ಥಿತಿಯನ್ನೂ ಮರೆಯಬೇಡಿ. ಅಲಗು ಹಿಡಿಯ ಸೀಳಿನ ನಡುವೆ ನಿಂತಿದೆಯೇ, ಒಂದು ಪಕ್ಕೆಗೆ ಉಜ್ಜುತ್ತಿದೆಯೇ? ಮೊನೆ ಪೂರ್ತಿ ಒಳಗೆ ಮುಳುಗಿದೆಯೇ? ಬೆರಳು ಸವರಿದಾಗ ಮೊನೆ ತಾಗಿದರೆ ಆ ಚಾಕು ಜೇಬಿಗೆ ಬೇಡ. ಮಡಚಿದ ಚಾಕುವನ್ನು ತಲೆಕೆಳಗಾಗಿ ಹಿಡಿದು, ಹಾಸಿಗೆಯ ಮೇಲೆ, ಕಾಲಿನಿಂದ ದೂರವಿಟ್ಟು ಕುಲುಕಿ ನೋಡಿ. ಅಲಗು ತಾನಾಗಿ ತೆರೆದುಕೊಳ್ಳಬಾರದು.

ಇಷ್ಟೆಲ್ಲ ದಾಟಿ ಬಂದ ಚಾಕುವಿನಲ್ಲಿ ಮಾತ್ರ ಅಲಗು ನೋಡುವುದಕ್ಕೆ ಅರ್ಥವಿದೆ.

ಅಲಗಿನ ಮೇಲೆ ಕೆತ್ತಿದ ಅಕ್ಷರಗಳನ್ನು ಓದುವುದನ್ನು ಕಲಿತರೆ ಅರ್ಧ ತಿಳಿಯುತ್ತದೆ. ಚೀನಾದ ಚಾಕುಗಳ ಮೇಲೆ ಕಾಣುವ 8ಸಿಆರ್13ಎಂಒವಿ ಎಂಬುದನ್ನು ಬಿಡಿಸಿದರೆ, ಇಂಗಾಲ ಸುಮಾರು ಶೇಕಡ 0.8, ಕ್ರೋಮಿಯಂ ಸುಮಾರು ಶೇಕಡ 13, ಜೊತೆಗೆ ಚೂರು ಮಾಲಿಬ್ಡಿನಂ, ವನೇಡಿಯಂ. 3ಸಿಆರ್13 ಎಂದಿದ್ದರೆ ಇಂಗಾಲ 0.3ರ ಆಸುಪಾಸು. ಅದು ಬೇಗ ಮೊಂಡಾಗುತ್ತದೆ, ಆದರೆ ತುಕ್ಕಿಗೆ ಚೆನ್ನಾಗಿ ತಡೆ ಒಡ್ಡುತ್ತದೆ. 440ಸಿಯಲ್ಲಿ ಇಂಗಾಲ ಶೇಕಡ 1ರ ಹತ್ತಿರ, ಡಿ2ನಲ್ಲಿ 1.5. ಇಂಗಾಲ ಹೆಚ್ಚಿದಂತೆ ಉಕ್ಕು ಹೆಚ್ಚು ಗಡಸಾಗಬಲ್ಲದು, ಹರಿತ ಹೆಚ್ಚು ದಿನ ಉಳಿಸಬಲ್ಲದು. ಕ್ರೋಮಿಯಂ ತುಕ್ಕನ್ನು ದೂರ ಇಡುತ್ತದೆ. ಡಿ2ನಲ್ಲಿ ಕ್ರೋಮಿಯಂ ಶೇಕಡ 12ರಷ್ಟಿದ್ದರೂ ಅದರಲ್ಲಿ ದೊಡ್ಡ ಪಾಲನ್ನು ಇಂಗಾಲವೇ ಕಟ್ಟಿಹಾಕಿಬಿಡುವುದರಿಂದ ನಮ್ಮ ಮಳೆಗಾಲದಲ್ಲಿ ಒರೆಸದೆ ಬಿಟ್ಟರೆ ಚುಕ್ಕೆ ಚುಕ್ಕೆ ತುಕ್ಕು ಕಾಣಿಸುತ್ತದೆ.

ಉಳಿದರ್ಧವನ್ನು ಆ ಅಕ್ಷರಗಳು ಹೇಳುವುದಿಲ್ಲ. ಉಕ್ಕಿನ ಗುಣ ಅರಳುವುದು ಕುಲುಮೆಯಲ್ಲಿ: ಎಷ್ಟು ಕಾಯಿಸಿದರು, ಹೇಗೆ ತಣಿಸಿದರು, ಮತ್ತೆ ಎಷ್ಟು ಹದವಾಗಿ ಬಿಸಿ ಮಾಡಿ ಬಿರುಸು ಇಳಿಸಿದರು ಎಂಬುದರಲ್ಲಿ. ಇದಕ್ಕೆ ನಮ್ಮ ನೆಲದ ಉಕ್ಕಿನ ಕಥೆಯೇ ಸಾಕ್ಷಿ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 'ವೂಟ್ಜ್' ಎಂಬ ಭಾರತದ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದರು. ಆ ಹೆಸರು ನಮ್ಮ 'ಉಕ್ಕು' ಎಂಬ ಪದದಿಂದಲೇ ಬಂದದ್ದೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕುಲುಮೆಗಳಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕು ತಯಾರಾಗುವುದನ್ನು ಕಂಡು ಬರೆದಿಟ್ಟಿದ್ದಾರೆ. ಇಂಗಾಲ ಹೆಚ್ಚಿದ್ದ ಆ ಉಕ್ಕಿನಿಂದ ಪಶ್ಚಿಮ ಏಷ್ಯಾದ ಕಮ್ಮಾರರು ಹೆಸರಾಂತ ಕತ್ತಿಗಳನ್ನು ಬಡಿದರು. ಅದೇ ಉಕ್ಕನ್ನು ಯುರೋಪಿನ ಕಮ್ಮಾರರು ತಮ್ಮ ರೂಢಿಯಂತೆ ಬಿಳಿಗಾವಿಗೆ ಕಾಯಿಸಿ ಬಡಿದಾಗ ಅದು ಸುತ್ತಿಗೆಯ ಕೆಳಗೆ ಪುಡಿಪುಡಿಯಾಯಿತು. ಉಕ್ಕು ಒಂದೇ, ಹದ ಬೇರೆ. ಆದ್ದರಿಂದ ಅಲಗಿನ ಮೇಲಿನ ಹೆಸರಿಗೆ ಮರುಳಾಗಬೇಡಿ. ಸಾಧಾರಣ ಉಕ್ಕಿಗೆ ಒಳ್ಳೆಯ ಹದ ಕೊಟ್ಟ ಚಾಕು, ದೊಡ್ಡ ಹೆಸರಿನ ಉಕ್ಕಿಗೆ ಕೆಟ್ಟ ಹದ ಕೊಟ್ಟ ಚಾಕುವಿಗಿಂತ ಎಷ್ಟೋ ಮೇಲು.

ಗಡಸುತನವನ್ನು ರಾಕ್‌ವೆಲ್ ಸಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಜೇಬಿನ ಚಾಕುಗಳು ಸಾಮಾನ್ಯವಾಗಿ 54ರಿಂದ 62ರ ನಡುವೆ ಇರುತ್ತವೆ. 56ರ ಆಸುಪಾಸಿನದು ಬೇಗ ಮೊಂಡಾದರೂ ಮನೆಯ ಕಲ್ಲಿನಲ್ಲೇ ಸುಲಭವಾಗಿ ಮಸೆಯಬಹುದು. 60 ದಾಟಿದ್ದು ಹರಿತವನ್ನು ಹೆಚ್ಚು ದಿನ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಮಸೆಯಲು ತಾಳ್ಮೆ ಬೇಕು, ಗಟ್ಟಿ ಗಂಟಿಗೆ ಬಿದ್ದರೆ ಬಾಯಿ ಮುಕ್ಕಾಗಬಹುದು. ನಿತ್ಯ ಮಸೆಯುವ ಅಭ್ಯಾಸವಿರುವ ತೋಟದವರಿಗೆ ಮೊದಲನೆಯದೇ ಅನುಕೂಲ.

ಇನ್ನು ಕಣ್ಣಿನ ಕೆಲಸ. ಅಲಗನ್ನು ತುದಿಯಿಂದ ಬುಡದ ಕಡೆಗೆ, ಬಡಗಿ ಹಲಗೆಯ ನೇರ ನೋಡುವಂತೆ, ಒಂದು ಕಣ್ಣು ಮುಚ್ಚಿ ನೋಡಿ. ಬಾಗಿದ ಅಲಗು ತಣಿಸುವಾಗಲೇ ತಿರುಚಿಕೊಂಡದ್ದು, ಅದನ್ನು ನಾವು ನೇರ ಮಾಡಲಾರೆವು. ಎರಡು ಪಕ್ಕದ ಇಳಿಜಾರು ಒಂದೇ ಎತ್ತರಕ್ಕೆ ಏರಿದೆಯೇ, ಸಾಣೆ ಹಿಡಿದ ಹೊಳೆಯುವ ಅಂಚು ಬುಡದಿಂದ ಮೊನೆಯವರೆಗೆ ಎರಡೂ ಕಡೆ ಒಂದೇ ಅಗಲವಿದೆಯೇ ನೋಡಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಸಪೂರವಿದ್ದರೆ ಚಾಕು ಕೊಯ್ಯುವಾಗ ಒಂದು ಬದಿಗೆ ಎಳೆಯುತ್ತದೆ. ಆದರೆ ಕಸಿ ಕಟ್ಟುವವರ ಚಾಕುಗಳಲ್ಲಿ ಬೇಕೆಂದೇ ಒಂದೇ ಕಡೆ ಸಾಣೆ ಹಿಡಿದಿರುವುದುಂಟು. ಕಸಿಕಡ್ಡಿಯ ಕೊಯ್ತ ಸಪಾಟಾಗಿ ಬರಲಿ ಎಂಬ ಉದ್ದೇಶ ಅದಕ್ಕಿದೆ.

ಆಮೇಲೆ ಬಾಯಿಯನ್ನು ಮೇಲೆ ಮಾಡಿ, ದೀಪದ ಕೆಳಗೆ ಹಿಡಿದು, ನಿಧಾನವಾಗಿ ಓರೆಯಾಗಿಸುತ್ತ ನೋಡಿ. ನಿಜವಾಗಿ ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಕಳಿಸಲಾರದಷ್ಟು ತೆಳು, ಅಲ್ಲಿ ಏನೂ ಕಾಣುವುದಿಲ್ಲ. ಎಲ್ಲಿ ಬಿಳಿಯ ಚುಕ್ಕೆಯೋ ಗೆರೆಯೋ ಮಿಂಚುತ್ತದೆಯೋ ಅಲ್ಲಿ ಬಾಯಿ ಮೊಂಡಾಗಿದೆ, ಮುಕ್ಕಾಗಿದೆ ಅಥವಾ ಮಗುಚಿದೆ. ಹತ್ತಿಪ್ಪತ್ತು ಸಲ ಮಡಚಿ ತೆರೆದ ಮೇಲೆ ಒಂದೇ ಜಾಗದಲ್ಲಿ ಹೊಸ ಚುಕ್ಕೆ ಕಾಣಿಸಿಕೊಂಡರೆ, ಮಡಚುವಾಗ ಅಲಗಿನ ಬಾಯಿ ಹಿಡಿಯೊಳಗಿನ ಲೋಹಕ್ಕೆ ಬಡಿಯುತ್ತಿದೆ ಎಂದು ತಿಳಿಯಿರಿ. ಅದೂ ವಾಪಸು ಕೊಡುವ ಚಾಕುವೇ.

ಕಾಗದ ಸೀಳುವ ಪರೀಕ್ಷೆಯ ಮೋಸವೂ ಇಲ್ಲೇ ಇದೆ. ಸಾಣೆ ಹಿಡಿದಾಗ ಅಂಚಿನಲ್ಲಿ ಒಂದು ತೆಳು ಉಕ್ಕಿನ ಎಳೆ ಉಳಿದುಕೊಳ್ಳುತ್ತದೆ. ಲೇತ್ ಕೆಲಸದವರು ಬರ್ ಎನ್ನುವುದು ಇದನ್ನೇ. ಆ ಎಳೆ ಕಾಗದವನ್ನು ಸೊಗಸಾಗಿ ಸೀಳುತ್ತದೆ, ನಾಲ್ಕು ಕಡ್ಡಿ ಕುಯ್ಯುವಷ್ಟರಲ್ಲಿ ಮಗುಚಿ ಬೀಳುತ್ತದೆ. ಹೆಬ್ಬೆರಳಿನ ಮೆತ್ತನೆಯ ಭಾಗವನ್ನು ಬೆನ್ನಿನಿಂದ ಬಾಯಿಯ ಕಡೆಗೆ, ಅಡ್ಡಕ್ಕೆ, ಹಗುರಾಗಿ ಜಾರಿಸಿ ಅಂಚಿನಿಂದಾಚೆಗೆ ತನ್ನಿ. ಅಂಚಿನ ಉದ್ದಕ್ಕೆ ಎಂದೂ ಸವರಬಾರದು. ಒಂದು ಕಡೆ ನುಣುಪಾಗಿದ್ದು ಇನ್ನೊಂದು ಕಡೆ ಬೆರಳಿಗೆ ಸಿಕ್ಕಿದಂತಾದರೆ ಎಳೆ ಉಳಿದಿದೆ.

ಲಾಕ್ ಒಪ್ಪಿಗೆಯಾಗಿ, ಚಾಕು ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದ ಮೇಲೆ ಕೊನೆಯ ಪರೀಕ್ಷೆ ಮಾಡಬಹುದು. ಮರದ ಹಲಗೆಯ ಮೇಲೆ ತೆಂಗಿನನಾರಿನ ಹಗ್ಗವಿಟ್ಟು ಮೂವತ್ತು ಸಲ ಕುಯ್ಯಿರಿ. ನಾರು ಅಂಚನ್ನು ಬೇಗ ಸವೆಸುತ್ತದೆ. ಆಮೇಲೆ ಹಳೆಯ ವೃತ್ತಪತ್ರಿಕೆಯ ಹಾಳೆಯನ್ನು ಸೀಳಿ. ಮೊದಲಿನಷ್ಟು ಸಲೀಸಾಗಿ ಅಲ್ಲದಿದ್ದರೂ ಹಾಳೆ ಸಮನಾಗಿ ಸೀಳಿದರೆ ಹದ ಚೆನ್ನಾಗಿದೆ. ಒಂದೇ ಜಾಗದಲ್ಲಿ ಹರಿದರೆ ಅಲ್ಲಿ ಮುಕ್ಕಾಗಿದೆ. ಉದ್ದಕ್ಕೂ ಜಾರಿದರೆ ಬಾಯಿ ಮಗುಚಿದೆ. ಹಾಗಾದರೂ ಒಂದೇ ಸಲಕ್ಕೆ ಚಾಕುವನ್ನು ಬೈಯಬೇಡಿ. ಕಾರ್ಖಾನೆಯಲ್ಲಿ ರಭಸವಾಗಿ ತಿರುಗುವ ಸಾಣೆಯ ಬಿಸಿಗೆ ಅಂಚಿನ ಕೂದಲೆಳೆಯಷ್ಟು ಉಕ್ಕು ಹದ ಕಳೆದುಕೊಂಡಿರುವುದುಂಟು. ಎರಡು ಮೂರು ಸಲ ಕೈಯಲ್ಲೇ ನಿಧಾನವಾಗಿ ಮಸೆದು ಆ ಉಕ್ಕು ಸವೆದುಹೋದ ಮೇಲೆ ಒಳಗಿನ ಒಳ್ಳೆಯ ಉಕ್ಕು ಬಾಯಿಗೆ ಬರುತ್ತದೆ. ಆಗಲೂ ಹಗ್ಗದ ಮುಂದೆ ಸೋತರೆ ಹದವೇ ಸರಿ ಇಲ್ಲ.

ಎಣ್ಣೆಯ ವಿಚಾರ ಒಂದು ಮಾತು. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಧೂಳು ಹಿಡಿಯುತ್ತದೆ. ಲೈನರ್ ಲಾಕ್‌ನಲ್ಲಿ ಪಟ್ಟಿಯ ತುದಿ ಅಲಗಿಗೆ ತಾಗುವ ಜಾಗಕ್ಕೆ ಮಾತ್ರ ಯಾವ ಎಣ್ಣೆಯೂ ಬೇಡ. ಅಲ್ಲಿ ಲಾಕ್ ನಿಂತಿರುವುದೇ ಉಜ್ಜಿನ ಬಲದ ಮೇಲೆ.

ಕಾನೂನಿನ ವಿಚಾರವನ್ನೂ ತಿಳಿದಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ, ಮನೆ, ಕೃಷಿ, ಕೈಗಾರಿಕೆಯಂಥ ಬಳಕೆಗೆಂದು ಮಾಡಿದವನ್ನು ಬಿಟ್ಟು, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳು ಆಯುಧಗಳ ಪಟ್ಟಿಗೆ ಸೇರುತ್ತವೆ. ಮೂರು ನಾಲ್ಕು ಇಂಚಿನ ಮಡಚು ಚಾಕು ಆ ಅಳತೆಗಿಂತ ಎಷ್ಟೋ ಕೆಳಗಿದೆ. ಆದರೂ ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ಕೆಲಸವಿರುವಲ್ಲಿಗೆ ಮಾತ್ರ ಜೊತೆಗಿರಲಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಎಷ್ಟೇ ಒಳ್ಳೆಯ ಲಾಕ್ ಇದ್ದರೂ ಮಡಚು ಚಾಕುವಿನ ನಡುವೆ ಒಂದು ಕೀಲಿದೆ. ಕುಯ್ಯುವಾಗ ಬಲವೆಲ್ಲ ಅಲಗನ್ನು ತೆರೆಯುವ ದಿಕ್ಕಿಗೇ ಬೀಳುತ್ತದೆ, ಲಾಕ್ ಸುಮ್ಮನೆ ನಿಂತಿರುತ್ತದೆ. ಚುಚ್ಚುವಾಗ, ಮೀಟುವಾಗ, ಸಿಕ್ಕಿಬಿದ್ದ ಅಲಗನ್ನು ಅಲುಗಿಸುವಾಗ ಬಲ ಮಡಚುವ ದಿಕ್ಕಿಗೆ ತಿರುಗುತ್ತದೆ. ಆಗ ನಮ್ಮ ಬೆರಳಿಗೂ ಅಲಗಿಗೂ ನಡುವೆ ಇರುವುದು ಒಂದು ಮಿಲಿಮೀಟರಿನಷ್ಟು ದಪ್ಪದ ಪಟ್ಟಿ. ಬಿದಿರು ಸೀಳುವ ಕೆಲಸ ಆಚಾರಿ ಮಾಡಿಕೊಟ್ಟ ಕತ್ತಿಯದು, ಮಡಚು ಚಾಕುವಿನದಲ್ಲ.

ಮಾವ ಈಗ ಬೇರೆ ಚಾಕು ತಂದಿದ್ದಾರೆ. ತರುವ ಮುನ್ನ ಅಂಗಡಿಯ ಬಾಗಿಲಿಗೆ ಬಂದು, ಬಿಸಿಲಿಗೆ ಹಿಡಿದು, ಏಳೆಂಟು ಚಾಕುಗಳ ಲಾಕ್ ನೋಡಿ, ಅದರಲ್ಲಿ ಒಂದನ್ನು ಆರಿಸಿದರಂತೆ. ಅದರ ಬಾಯಿ ಆ ಸಾಲಿನಲ್ಲೇ ಎಲ್ಲಕ್ಕಿಂತ ಮೊಂಡು. ಮನೆಗೆ ತಂದವರೇ ಜಗಲಿಯಲ್ಲಿ ಕೂತು ಸಾಣೆಕಲ್ಲಿಗೆ ನೀರು ಹಾಕಿದರು. ಕಳೆದ ಜೂನ್‌ನಲ್ಲಿ ನರ್ಸರಿಗೆ ಹೊಸದಾಗಿ ಸೇರಿದ ಹುಡುಗನಿಗೆ ಕಸಿಕಡ್ಡಿ ಚೂಪು ಮಾಡುವುದನ್ನು ಕಲಿಸುವ ಮೊದಲು ಅದೇ ಚಾಕುವನ್ನು ತೆರೆದು, ಒಳಗಿನ ಪಟ್ಟಿ ಎಲ್ಲಿ ಕೂತಿದೆ ಎಂದು ತೋರಿಸುತ್ತಿದ್ದರು. ತೋರಿಸುತ್ತಿದ್ದದ್ದು ಆ ಹೊಲಿಗೆಯ ಗುರುತಿರುವ ಬೆರಳಿನಿಂದಲೇ.